ಹಳೇ ಪೀಸ್ ತಂದಿದೀರಾ?

ಮೇ ತಿಂಗಳು ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗ್ಯಾರೇಜುಗಳಿಗೆ ಜೀಪುಗಳ ಸುಗ್ಗಿ. ಮಳೆ ಹಿಡಿಯುವ ಮೊದಲು ಬ್ರೇಕು, ಕ್ಲಚ್ಚು, ಮುಂದಿನ ಆಕ್ಸಲ್ಲು ಎಲ್ಲವನ್ನೂ ಒಂದು ಸಲ ನೋಡಿಸಿಬಿಡಬೇಕು. ಜುಲೈಯಲ್ಲಿ ತೋಟದ ದಾರಿ ಕೆಸರಾದಾಗ ಫೋರ್ ವೀಲ್ ಕೈಕೊಟ್ಟರೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು ಗುಡ್ಡ ಹತ್ತುವುದಿಲ್ಲ, ಕಾಯಿಲೆ ಬಿದ್ದವರು ಆಸ್ಪತ್ರೆಗೆ ಇಳಿಯುವುದಿಲ್ಲ. ಹೀಗೆ ಬಂದು ನಿಲ್ಲುವ ಗಾಡಿಗಳಲ್ಲಿ ಎಷ್ಟೋ ಮಾದರಿಗಳ ತಯಾರಿಕೆ ನಿಂತು ದಶಕಗಳೇ ಆಗಿವೆ. ಆದರೂ ಅವು ಓಡುತ್ತಿವೆ. ಇದರ ಕೀರ್ತಿಯನ್ನು ನಾವೆಲ್ಲ ಮೆಕ್ಯಾನಿಕ್‌ಗೆ ಕೊಡುತ್ತೇವೆ, ಅದು ಸರಿಯೇ. ಆದರೆ ಆ ಮೆಕ್ಯಾನಿಕ್ಕಿನ ಕೈಗೆ ಸರಿಯಾದ ಸಾಮಾನು ತಂದುಕೊಡುವುದು ಬೇರೆಯೇ ಒಂದು ವಿದ್ಯೆ. ಕಂಪನಿ ಮಾಡುವುದನ್ನು ಬಿಟ್ಟ ಭಾಗಕ್ಕೆ ಬೇರೆ ಯಾರೋ ಎಲ್ಲೋ ಮಾಡಿದ ನಕಲು ಹುಡುಕಿ, ಹತ್ತರಲ್ಲಿ ಒಳ್ಳೆಯದೊಂದನ್ನು ಆರಿಸಿ ತರುವುದಕ್ಕೆ ದುಡ್ಡೊಂದೇ ಸಾಲದು. ಕಣ್ಣು, ಬೆರಳು, ನೆನಪು ಮೂರೂ ಬೇಕು.

ಮೊದಲು ತಿಳಿದಿರಬೇಕಾದದ್ದು ನಮ್ಮ ಗಾಡಿಯ ಜಾತಕ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪು 1941ರದ್ದು. ಅದರ ಎಂಜಿನ್ 2199 ಸಿ.ಸಿ., ವಾಲ್ವುಗಳೆಲ್ಲ ಬ್ಲಾಕಿನಲ್ಲೇ. ನಂತರ ವಿಲ್ಲಿಸ್ ಅದೇ ಅಳತೆಯ ಬೋರು, ಸ್ಟ್ರೋಕು ಇಟ್ಟುಕೊಂಡು ಗಾಳಿ ಎಳೆಯುವ ವಾಲ್ವನ್ನು ಹೆಡ್ಡಿಗೆ ಸಾಗಿಸಿ, ಹೊಗೆ ಬಿಡುವ ವಾಲ್ವನ್ನು ಬ್ಲಾಕಿನಲ್ಲೇ ಉಳಿಸಿ ಎಫ್-ಹೆಡ್ ಎಂಜಿನ್ ಮಾಡಿತು. ಎಂಜಿನ್ನಿನ ಎತ್ತರ ಹೆಚ್ಚಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. 1953ರಲ್ಲಿ ಬಂದ ಸಿಜೆ3ಬಿ ಎಂಬ ಆ ಎತ್ತರ ಮೂತಿಯ ಜೀಪೇ ಮಹೀಂದ್ರ ಕಂಪನಿಯ ಕೈಯಲ್ಲಿ ಭಾರತದ ಜೀಪಾಯಿತು. 1940ರ ದಶಕದ ಕೊನೆಗೆ ವಿಲ್ಲಿಸ್ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದ ಮಹೀಂದ್ರ, ಅಮೆರಿಕದಲ್ಲಿ ಸಿಜೆ3ಬಿ ನಿಂತ 1968ರ ನಂತರವೂ ಅದರ ವಂಶವನ್ನು ಬೆಳೆಸಿಕೊಂಡೇ ಬಂತು. ಇಂದಿಗೂ ಅಲ್ಲಿನ ಹಳೇ ಜೀಪಿನವರು ಭಾರತದ ಸಾಮಾನು ಹುಡುಕುವುದು ಇದಕ್ಕೇ.

1980ರ ದಶಕದ ಮಹೀಂದ್ರ ಎಂಎಂ 540ಗೆ ಬಂದರೆ ವಿಷಯ ಇನ್ನೂ ತೊಡಕು. ಅದರ ಆಕ್ಸಲ್ಲು ಅಮೆರಿಕದ ಡಾನಾ ಮನೆತನದ್ದು, ಬೋಲ್ಟುಗಳು ಇಂಚಿನ ಲೆಕ್ಕದವು. ಎಂಜಿನ್ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿ.ಸಿ. ಡೀಸೆಲ್, ಅದರ ಬೋಲ್ಟುಗಳು ಮಿಲಿಮೀಟರಿನವು. ಒಂದೇ ಗಾಡಿಗೆ ಎರಡು ಸೆಟ್ ಸ್ಪ್ಯಾನರ್ ಬೇಕು. ಇದರ ಮೇಲೆ ನಮ್ಮ ಜನ ಮಾಡಿಕೊಂಡ ಬದಲಾವಣೆಗಳಿವೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು, ಮೂರು ಗೇರಿನ ಬಾಕ್ಸಿನ ಜಾಗಕ್ಕೆ ನಾಲ್ಕು ಗೇರಿನದು ಹಾಕಿದ್ದು, ಗುಜರಿಯಿಂದ ತಂದ ಬೇರೆ ಮಾದರಿಯ ಆಕ್ಸಲ್ ಕೂರಿಸಿದ್ದು. ಆರ್‌ಸಿ ಪುಸ್ತಕದಲ್ಲಿ ಬರೆದ ಮಾದರಿಯ ಹೆಸರು ಹೇಳಿ ಸಾಮಾನು ಕೇಳಿದರೆ ಗಾಡಿಗೆ ಹೊಂದದ ಪೊಟ್ಟಣ ಮನೆಗೆ ಬರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅನುಭವಸ್ಥ ಅಂಗಡಿಯವರು ಮಾದರಿ ಯಾವುದೆಂದು ಕೇಳುವುದಕ್ಕೆ ಮೊದಲೇ ‘ಹಳೇ ಪೀಸ್ ತಂದಿದೀರಾ ಗೌಡ್ರೇ?’ ಎನ್ನುತ್ತಾರೆ. ತಂದಿದ್ದರೆ ಕೌಂಟರಿನ ಮೇಲೆ ಹಳೆಯದನ್ನು ಇಟ್ಟು, ಪಕ್ಕದಲ್ಲಿ ಹೊಸದನ್ನು ಇಟ್ಟು, ತೂತಿಗೆ ತೂತು, ಹಲ್ಲಿಗೆ ಹಲ್ಲು ಹೋಲಿಸುತ್ತಾರೆ. ತರದಿದ್ದರೆ ಒಳ್ಳೆಯ ಅಂಗಡಿಯವರು ಸಾಮಾನು ಕೊಡಲು ಹಿಂದೆಮುಂದೆ ನೋಡುತ್ತಾರೆ. ಆ ಹಿಂಜರಿಕೆ ಕಂಡರೆ ಆ ಅಂಗಡಿಯನ್ನು ಗುರುತು ಹಾಕಿಟ್ಟುಕೊಳ್ಳಿ, ಅವರು ವ್ಯಾಪಾರಕ್ಕಿಂತ ಗಾಡಿಯನ್ನು ಬಲ್ಲವರು.

ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಒಂದೇ ತರಗತಿಯದಲ್ಲ. ಕಂಪನಿಯ ಪೊಟ್ಟಣದಲ್ಲೇ ಬಂದದ್ದು ಒಂದು. ಕಂಪನಿಗೆ ಮಾಡಿಕೊಡುತ್ತಿದ್ದ ತಯಾರಕರು ತಮ್ಮದೇ ಹೆಸರಲ್ಲಿ ಮಾರುವುದು ಇನ್ನೊಂದು. ಗುಣದಲ್ಲಿ ಇದು ಮೊದಲಿನದಕ್ಕೆ ಸಮ, ಬೆಲೆಯಲ್ಲಿ ಕಡಿಮೆ, ಜಾಣರು ಮೊದಲು ಕೇಳುವುದು ಇದನ್ನೇ. ಆಮೇಲೆ ಮಿಲಿಟರಿ ಮಾಲು, ಎಂದರೆ ಸೇನೆಯ ಉಗ್ರಾಣದಿಂದ ಹರಾಜಿಗೆ ಬಂದದ್ದು. ಕೊನೆಯದು ಲೋಕಲ್ ಎಂದು ಕರೆಯುವ ನಕಲು. ಇದು ದಿಲ್ಲಿಯ ಕಾಶ್ಮೀರಿ ಗೇಟಿನ ಸಗಟು ಅಂಗಡಿಗಳಿಂದ, ಪಂಜಾಬು, ಗುಜರಾತಿನ ಸಣ್ಣ ಕಾರ್ಖಾನೆಗಳಿಂದ ಬರುತ್ತದೆ. ನಕಲೆಂದು ಹೀಗಳೆಯುವವರಿದ್ದಾರೆ. ನಾನು ಆ ಮಾತು ಒಪ್ಪುವುದಿಲ್ಲ. ಆ ಸಣ್ಣ ಕಾರ್ಖಾನೆಗಳಿಲ್ಲದಿದ್ದರೆ ಮಲೆನಾಡಿನ ಅರ್ಧಕ್ಕರ್ಧ ಜೀಪುಗಳು ಎಂದೋ ಕೊಟ್ಟಿಗೆಯ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಕೂರುತ್ತಿದ್ದವು. ನಕಲಿನಲ್ಲೂ ಅತ್ಯುತ್ತಮವಾದದ್ದಿದೆ. ಅದನ್ನು ಗುರುತಿಸಬೇಕಾದರೆ ನಕಲು ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು.

ನಕ್ಷೆ ಇಲ್ಲದೆ ಭಾಗ ಮಾಡುವವರು ಮಾದರಿಯಾಗಿ ಒಂದು ಹಳೆಯ ಭಾಗವನ್ನೇ ಅಳೆಯುತ್ತಾರೆ. ಆ ಮಾದರಿ ಮೂವತ್ತು ವರ್ಷ ಓಡಿ ಸವೆದದ್ದಾಗಿದ್ದರೆ ಸವಕಳಿಯೂ ಅಳತೆಗೆ ಸೇರಿಬಿಡುತ್ತದೆ. ಹೊಳೆಯುವ ಹೊಸ ಪಿನ್ನು ಹುಟ್ಟುವಾಗಲೇ ಸವೆದು ಹುಟ್ಟುತ್ತದೆ. ಆದ್ದರಿಂದ ಪಿನ್ನು ಕೊಳ್ಳುವಾಗ ಹಳೇ ಪಿನ್ನಿನ ಉಜ್ಜಾಡುವ ಭಾಗದ ಜೊತೆ ಹೋಲಿಸಬಾರದು. ಬುಶ್ಶಿನ ಹೊರಗೆ ಉಳಿದಿದ್ದ, ಸವೆತ ತಾಗದ ತುದಿಯನ್ನು ವರ್ನಿಯರ್‌ನಲ್ಲಿ ಅಳೆದು ಆ ಅಳತೆಗೆ ಹೊಸದು ಬರುತ್ತದೆಯೇ ನೋಡಬೇಕು.

ಎರಕದ ಭಾಗಗಳದ್ದು ಇನ್ನೂ ಸೂಕ್ಷ್ಮ. ಬೀಡು ಕಬ್ಬಿಣ ಕರಗಿ ಅಚ್ಚಿಗಿಳಿದು ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ ಶಿವಮೊಗ್ಗದ ಮಾಚೇನಹಳ್ಳಿಯಲ್ಲಾಗಲಿ ಪ್ಯಾಟರ್ನ್ ಮಾಡುವವರಿಗೆ ಇದು ಮೊದಲ ಪಾಠ. ಅವರ ಪ್ಯಾಟರ್ನು ಬೇಕಾದ ಅಳತೆಗಿಂತ ಅಷ್ಟು ದೊಡ್ಡದಾಗಿರುತ್ತದೆ. ಅವಸರದವರು ಹಳೇ ಮ್ಯಾನಿಫೋಲ್ಡನ್ನೇ ನೇರವಾಗಿ ಮರಳಿಗೊತ್ತಿ ಅಚ್ಚು ತೆಗೆಯುತ್ತಾರೆ. ಆಗ 400 ಮಿ.ಮೀ. ಉದ್ದದ ಎರಕ 4 ಮಿ.ಮೀ. ಗಿಡ್ಡವಾಗುತ್ತದೆ. ಒಂದು ತುದಿಯ ಸ್ಟಡ್ಡಿಗೆ ಕೂರಿಸಿದರೆ ಇನ್ನೊಂದು ತುದಿಯ ತೂತು ಸ್ಟಡ್ಡನ್ನು ತಪ್ಪಿಸಿಕೊಂಡಿರುತ್ತದೆ. ಗ್ಯಾರೇಜಿನಲ್ಲಿ ತೂತನ್ನು ಅರದಿಂದ ಉದ್ದ ಮಾಡಿ ಹೇಗೋ ಕೂರಿಸುತ್ತಾರೆ, ಆದರೆ ಹೊಗೆಯ ದಾರಿಗಳು ಬ್ಲಾಕಿನ ಕಿಂಡಿಗೆ ಎದುರುಬದುರು ಬರುವುದೇ ಇಲ್ಲ, ಪ್ಯಾಕಿಂಗು ಪದೇ ಪದೇ ಸುಡುತ್ತದೆ. ಅಂಗಡಿಯಲ್ಲಿ ಇದನ್ನು ಹಿಡಿಯಲು ಒಂದು ಹೊಸ ಪ್ಯಾಕಿಂಗು ಸಾಕು. ಅದನ್ನು ಮ್ಯಾನಿಫೋಲ್ಡಿನ ಮುಖದ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಮಧ್ಯದ ತೂತುಗಳು ಸರಿಯಾಗಿ ಕೂತು ಎರಡೂ ತುದಿಯವು ಒಳಕ್ಕೆ ಸರಿದಿದ್ದರೆ ಆ ಎರಕ ಎಷ್ಟು ಚೆಂದವಿದ್ದರೂ ವಾಪಸ್ ಕೊಟ್ಟುಬಿಡಿ.

ಗೇರಿನ ಪರೀಕ್ಷೆ ಹೀಗಲ್ಲ. ಗೇರಿನ ಹಲ್ಲಿಗೆ ಮೇಲ್ಮೈ ಗಟ್ಟಿಯಿರಬೇಕು, ಒಳಗೆ ಬಾಗುವ ಗುಣ ಉಳಿದಿರಬೇಕು. ಕಾರ್ಖಾನೆಯಲ್ಲಿ ಇಂಗಾಲ ಉಣಿಸಿ, ಕಾಯಿಸಿ, ತಟ್ಟನೆ ತಣಿಸಿ ಈ ಹದ ತರುತ್ತಾರೆ. ಖರ್ಚು ಉಳಿಸುವವರು ಮೊದಲು ಕೈಬಿಡುವುದು ಈ ಹಂತವನ್ನೇ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಬಲ್ಲ ಮೆಕ್ಯಾನಿಕ್ ಜೇಬಿನಿಂದ ಸಣ್ಣ ಅರವೊಂದನ್ನು ತೆಗೆದು ಹಲ್ಲಿನ ಮೂಲೆಗೆ, ಬೇರೆ ಗೇರಿಗೆ ತಾಗದ ಕಡೆ, ಒಂದು ಸಲ ಎಳೆಯುತ್ತಾರೆ. ಗಟ್ಟಿ ಹಲ್ಲಿನ ಮೇಲೆ ಅರ ಗಾಜಿನ ಮೇಲಿನಂತೆ ಜಾರಿ ಸಣ್ಣಗೆ ಕಿರ್ರೆನ್ನುತ್ತದೆ. ಮೆತ್ತಗಿನದರಲ್ಲಿ ಕಚ್ಚಿ ಹಿಡಿದು ಹೊಳೆಯುವ ಪುಡಿ ಉದುರಿಸುತ್ತದೆ. ಒಂದೇ ಎಳೆತ, ಅಲ್ಲಿಗೆ ತೀರ್ಮಾನ ಮುಗಿಯಿತು. ಗನ್‌ಮೆಟಲ್ ಬುಶ್ ಎಂದು ಕೊಟ್ಟದ್ದಕ್ಕೆ ಆಯಸ್ಕಾಂತ ಅಂಟಿದರೆ ಅಲ್ಲಿಯೂ ತೀರ್ಮಾನ ಮುಗಿದ ಹಾಗೆಯೇ.

ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಕೊಳ್ಳುವಾಗ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ. ಸಿಜೆ3ಬಿಯ ಲೆಕ್ಕ ಕ್ರೌನಿಗೆ 43, ಪಿನಿಯನ್ನಿಗೆ 8, ಅಂದರೆ 5.38. ಬೇರೆ ಮಾದರಿಗಳಲ್ಲಿ ಬೇರೆ ಲೆಕ್ಕವಿದೆ, ಪೆಟ್ಟಿಗೆ ಒಂದೇ ತರ ಕಾಣುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಂದಕ್ಕೆ ಮಾತ್ರ ಬೇರೆ ಲೆಕ್ಕದ್ದು ಹಾಕಿದರೆ ಟಾರು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ದಿನ ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು, ನಡುವೆ ಟ್ರಾನ್ಸ್‌ಫರ್ ಕೇಸು ನಲುಗುತ್ತದೆ. ಕ್ರೌನು, ಪಿನಿಯನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು. ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತದೆ. ನಂಬರು ಬೇರೆಯಾದರೆ ಜೋಡಿ ಮುರಿದಿದೆ ಎಂದೇ ಅರ್ಥ.

ನಂಬರಿನ ಮಾತು ಬಂದಾಗ ಬೇರಿಂಗುಗಳನ್ನು ನೆನೆಯದೆ ಮುಂದೆ ಹೋಗಲಾರೆ. ಮುಂದಿನ ಚಕ್ರದ ಟೇಪರ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಅಂಚನ್ನು ನೋಡಿದರೆ 18590 ಎಂದೂ, ಅದರ ಹೊರಬಳೆಯ ಮೇಲೆ 18520 ಎಂದೂ ಇರುತ್ತದೆ. ಯುದ್ಧಕಾಲದ ವಿಲ್ಲಿಸ್‌ಗೂ ಇದೇ ನಂಬರು. ಆ ಅಂಕಿ ಜೀಪಿನದಲ್ಲ, ಬೇರಿಂಗಿನದು. ಲೋಕದಲ್ಲಿ ಯಾರೇ ಮಾಡಿರಲಿ, ಆ ಅಂಕಿಗೆ ಆ ಅಳತೆಯೇ ಬರಬೇಕು. ಎಂಬತ್ತು ವರ್ಷ ಹಳೆಯ ಗಾಡಿಗೆ ಇಂದು ಬೆಳಿಗ್ಗೆ ತಯಾರಾದ ಬೇರಿಂಗು ಕೂರುವುದು ಎಂಥ ಸೊಗಸಾದ ವ್ಯವಸ್ಥೆ! ‘ಜೀಪಿನ ಬೇರಿಂಗ್’ ಎಂದು ಕೇಳದೆ ನಂಬರು ಕೇಳಿ, ಹೆಸರಾಂತ ತಯಾರಕರದ್ದು ಸಿಗುತ್ತದೆ. ಆಯಿಲ್ ಸೀಲಿಗೂ ಒಳಸುತ್ತು, ಹೊರಸುತ್ತು, ದಪ್ಪ ಈ ಮೂರು ಅಳತೆ ಗೊತ್ತಿದ್ದರೆ ಸಾಕು.

ರಬ್ಬರಿಗೆ ಬಂದರೆ ನಿಯಮ ತಿರುವುಮುರುವು. ಕಬ್ಬಿಣದಲ್ಲಿ ಹಳೇ ಸ್ಟಾಕು ಚಿನ್ನ. ಸೇನೆಯ ಉಗ್ರಾಣದಲ್ಲಿ ಗ್ರೀಸ್ ಕಾಗದ ಸುತ್ತಿಕೊಂಡು ನಲವತ್ತು ವರ್ಷ ಮಲಗಿದ್ದ ಗೇರು ಇವತ್ತಿನ ಯಾವ ನಕಲಿಗೂ ಕಡಿಮೆಯಲ್ಲ. ಆದರೆ ಅದೇ ಉಗ್ರಾಣದ ವೀಲ್ ಸಿಲಿಂಡರಿನ ರಬ್ಬರು ಪೊಟ್ಟಣದಲ್ಲೇ ಮುದಿಯಾಗಿರುತ್ತದೆ. ಉಗುರಲ್ಲಿ ಒತ್ತಿದರೆ ಗುರುತು ಕೂಡಲೇ ಮಾಯವಾಗಬೇಕು. ಮಡಚಿದರೆ ಬಿರುಕಿನ ಸಣ್ಣ ಗೆರೆಗಳು ಕಾಣಬಾರದು. ಆದ್ದರಿಂದ ಬ್ರೇಕಿನ ಕಿಟ್ಟು ಯಾವಾಗಲೂ ಹೊಸದು, ಹೆಸರಿರುವ ತಯಾರಕರದ್ದು, ಇತ್ತೀಚಿನ ತಾರೀಕಿನದು. ಅದನ್ನು ಹಾಕುವಾಗ ಕೈಗೆ ಸಿಕ್ಕ ಎಂಜಿನ್ ಆಯಿಲ್ಲಿನಲ್ಲಿ ಒರೆಸಲೂಬಾರದು. ಬ್ರೇಕ್ ಆಯಿಲ್ಲಿಗೆಂದೇ ಮಾಡಿದ ಆ ರಬ್ಬರು ಖನಿಜ ಎಣ್ಣೆ ತಾಗಿದರೆ ಊದಿಕೊಂಡು ಸಿಲಿಂಡರಿನಲ್ಲಿ ಸಿಕ್ಕಿಬೀಳುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವ ಗಾಡಿಗೆ ಇದರಲ್ಲಿ ಜುಗ್ಗತನ ಸಲ್ಲದು.

ಎಂಜಿನ್ ಬಿಚ್ಚುವವರಿಗೆ ಒಂದು ಕ್ರಮವಿದೆ. ಬ್ಲಾಕನ್ನು ಬೋರಿಂಗಿಗೆ ಕೊಡುವ ಮೊದಲೇ ಪಿಸ್ಟನ್ ಕೊಂಡಿರಬೇಕು. ವಿಲ್ಲಿಸ್ ಎಂಜಿನ್ನಿನ ಬೋರು ಮೂರೂ ಒಂದೆಂಟಾಂಶ ಇಂಚು. ಸವೆದಾಗ ಇಂಚಿನ ಸಾವಿರದಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಪಾಲು ಹೀಗೆ ಹೆಚ್ಚಿಸುತ್ತ ಹೋಗುತ್ತಾರೆ. ‘ನಲವತ್ತಕ್ಕೆ ಮಾಡಿ’ ಎಂದು ಬ್ಲಾಕು ಕೊಟ್ಟು ಆಮೇಲೆ ಪೇಟೆಯಲ್ಲಿ ನಲವತ್ತರ ಪಿಸ್ಟನ್ ಸಿಗದೆ ಅಲೆಯುವವರನ್ನು ಕಂಡಿದ್ದೇನೆ. ಸಿಕ್ಕ ಪಿಸ್ಟನ್ನನ್ನೇ ಅಳೆದು, ಅದಕ್ಕೆ ಬೇಕಾದಷ್ಟು ಸಂದು ಬಿಟ್ಟು, ಸಿಲಿಂಡರನ್ನು ಅದಕ್ಕೆ ತಕ್ಕಂತೆ ಕೊರೆಸುವುದು ಬಲ್ಲವರ ದಾರಿ. ರಿಂಗು, ಪಿಸ್ಟನ್ನಿನಲ್ಲಿ ನಾವು ಅದೃಷ್ಟವಂತರು. ಗೋಟ್ಜೆ ರಿಂಗುಗಳ ಕಾರ್ಖಾನೆ ಬೆಂಗಳೂರಿನ ಯಲಹಂಕದಲ್ಲೇ ಇದೆ. ಡೀಸೆಲ್ ಪಂಪಿನಲ್ಲೂ ಹಾಗೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ದೇಶಕ್ಕೇ ಪಂಪು, ನಾಜಲ್ಲು ಕೊಟ್ಟಿತು. ಪಂಪಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಅದನ್ನು ಬಿಡಿಬಿಡಿಯಾಗಿ ಕೊಳ್ಳುವಂತಿಲ್ಲ, ಜೋಡಿಯಾಗಿಯೇ ಕೊಳ್ಳಬೇಕು. ನಕಲಿಗೆ ಒಗ್ಗದ ಭಾಗ ಜೀಪಿನಲ್ಲಿ ಒಂದಿದ್ದರೆ ಇದೇ.

ಸಣ್ಣದೊಂದು ವಿಷಯ, ಆದರೆ ಎಷ್ಟೋ ಸ್ಟಡ್ಡುಗಳ ಪ್ರಾಣ ತೆಗೆದದ್ದು. ಹಳೇ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳ ಥ್ರೆಡ್ಡು ಉಲ್ಟಾ. ಚಕ್ರ ತಿರುಗುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಎಂಬ ಕಾಳಜಿಯಿಂದ ಹಾಗೆ ಮಾಡಿದ್ದರು. ಗೊತ್ತಿಲ್ಲದವರು ಸಡಿಲಿಸಲೆಂದು ಬಿಗಿಯುತ್ತ ಹೋಗಿ ಸ್ಟಡ್ಡು ಮುರಿಯುತ್ತಾರೆ. ಹೊಸ ಸ್ಟಡ್ಡು ಕೊಳ್ಳುವಾಗ ಅದರ ತುದಿಯಲ್ಲಿ ಎಡಕ್ಕೆಂದು ಸೂಚಿಸುವ ‘ಎಲ್’ ಗುರುತಿದೆಯೇ ನೋಡಿ. ಗುರುತಿಲ್ಲದ ನಕಲಾದರೆ ಅಲ್ಲೇ ಒಂದು ನಟ್ಟು ತಿರುಗಿಸಿ ನೋಡಬಹುದು.

ಇವೆಲ್ಲ ನಮ್ಮ ಕಡೆಯವರಿಗೆ ಬೇಗ ಒಲಿಯುವುದಕ್ಕೆ ಕಾರಣವಿದೆ ಎಂದು ನನ್ನ ನಂಬಿಕೆ. ಅಡಿಕೆಯ ರಾಶಿಯ ಮುಂದೆ ಕೂತು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೆರಳ ತುದಿಯಲ್ಲೇ ಬೇರೆ ಮಾಡುವ ಕಣ್ಣು, ಕಬ್ಬಿಣದ ಮುಂದೆಯೂ ಹಾಗೇ ಕೆಲಸ ಮಾಡುತ್ತದೆ. ಯಂತ್ರದ ಕೆಲಸದ ಪರಂಪರೆಯೂ ಇಲ್ಲಿದೆ. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಬಸ್ ಕಂಪನಿಯ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, 2020ರಲ್ಲಿ ನಿಲ್ಲುವವರೆಗೂ, ಈ ಗುಡ್ಡಗಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿತು. ಕಾರ್ಮಿಕರೇ ಒಡೆಯರಾಗಿದ್ದ ಸಂಸ್ಥೆಯಲ್ಲಿ ಒಂದು ಬೋಲ್ಟನ್ನೂ ದಂಡ ಮಾಡದೆ ಗಾಡಿ ನೋಡಿಕೊಳ್ಳುವುದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಹೊರಗಿನ ಲೋಕದಲ್ಲಿ, ನಿಂತುಹೋದ ಗಾಡಿಗೆ ಭಾಗ ಮಾಡಿಕೊಡುವ ಈ ವಿದ್ಯೆ ದೊಡ್ಡ ಉದ್ಯಮವಾಗಿದೆ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ತಯಾರಿಕೆ 1980ರಲ್ಲಿ ನಿಂತಿತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೇ ಕಾರ್ಖಾನೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಿಂದ ಅದರ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರತೊಡಗಿತು. ಮೂಲ ಅಚ್ಚಿನಿಂದ ಬಂದದ್ದಾದ್ದರಿಂದ ಅದರ ಬಾಗಿಲು ಹೊಂದುತ್ತದೆ, ಗೆರೆ ಹೊಂದುತ್ತದೆ. ಯುದ್ಧಕಾಲದ ಜೀಪಿನ ಬಾಡಿಗಳಿಗೆ ಫಿಲಿಪೀನ್ಸಿನ ಎಂ.ಡಿ. ಹುವಾನ್ ಎಂಬ ಕಂಪನಿ ಜಗತ್ತಿನಲ್ಲೆಲ್ಲ ಹೆಸರುವಾಸಿ. ನಮ್ಮ ಕಡೆ ಕೊಳ್ಳುವವರು ಹೆಚ್ಚಾಗಿ ಉತ್ತರ ಭಾರತದಿಂದ ಬರುವ ಬಾಡಿ ತರಿಸುತ್ತಾರೆ. ಅದರಲ್ಲಿ ನೋಡಬೇಕಾದ್ದು ತಗಡಿನ ದಪ್ಪ. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಎಂದರೆ 0.9. ಬಣ್ಣ ಬಳಿದ ಮೇಲೆ ಎರಡೂ ಒಂದೇ. ಕಿಗ್ಗದ ನಾಲ್ಕೈದು ಮಳೆಗಾಲ ಕಳೆದ ಮೇಲೆ ವ್ಯತ್ಯಾಸ ಕಾಣುತ್ತದೆ. ತಗಡು ಒಂದರ ಮೇಲೊಂದು ಕೂರುವ ಸಂದುಗಳಿಗೆ ಒಳಗೂ ಪ್ರೈಮರ್ ಹೋಗಿದೆಯೇ ಎಂದು ವಿಚಾರಿಸದೆ ಬಾಡಿ ತರಿಸುವುದು ಇಲ್ಲಿ ದುಡ್ಡನ್ನು ತುಂಗೆಗೆ ಹಾಕಿದ ಹಾಗೆ.

ಬಾಡಿ ಬದಲಿಸುವ ಮುನ್ನ ಕಾನೂನನ್ನೂ ನೋಡಿಕೊಳ್ಳಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ವಿಭಾಗ ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರು ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್ನು ಮೂಲರೂಪದಲ್ಲಿರಬೇಕು, ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಬಿಟ್ಟರೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ನೋಡಿ ಕಣ್ತುಂಬಿಕೊಳ್ಳುವಂಥ ಗಾಡಿಗಳ ಜಾತಿಗೆ ಈ ನಿಯಮ ಒಪ್ಪುತ್ತದೆ. ಗೊಬ್ಬರ ಹೊರುವ ಜೀಪಿಗೆ ಒಪ್ಪುವುದಿಲ್ಲ. ಅದು ಮಾಮೂಲಿ ನೋಂದಣಿ ನವೀಕರಿಸಿಕೊಂಡು, ಎಫ್‌ಸಿ ಮಾಡಿಸಿಕೊಂಡೇ ಓಡಬೇಕು. ನಿಮ್ಮ ಗಾಡಿ ಎರಡರಲ್ಲಿ ಯಾವುದು ಎಂದು ಮೊದಲು ತೀರ್ಮಾನಿಸಿ. ದುಡಿಯುವ ಗಾಡಿಗೆ ಗಟ್ಟಿಯಾದ ನಕಲು ಸಾಕು. ಪ್ರದರ್ಶನದ ಗಾಡಿಗೆ ಮಾತ್ರ ಬೋಲ್ಟಿನ ತಲೆಯ ಮೇಲಿನ ಗುರುತಿನವರೆಗೂ ಮೂಲದ್ದೇ ಬೇಕು.

ಬಿಡಿಭಾಗಗಳ ಈ ತಿಳಿವಳಿಕೆ ಸದ್ಯಕ್ಕೆ ಯಾವ ಪುಸ್ತಕದಲ್ಲೂ ಒಟ್ಟಾಗಿ ಇಲ್ಲ. ಜಯಪುರ, ಬಾಳೆಹೊನ್ನೂರು, ಹರಿಹರಪುರದಂಥ ಊರುಗಳ ಹಿರಿಯ ಮೇಸ್ತ್ರಿಗಳ ತಲೆಯಲ್ಲಿದೆ. ಯಾವ ಗಾಡಿಯ ಸೀಲು ಯಾವುದಕ್ಕೆ ಕೂರುತ್ತದೆ, ಯಾರ ಕ್ಲಚ್ ಪ್ಲೇಟು ಎಷ್ಟು ವರ್ಷ ಬಂತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿಗೆ ಹೋಗಿದ್ದಾರೆ. ಜೀಪು ಇಟ್ಟುಕೊಂಡವರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ನೋಟ್‌ಬುಕ್ ಇಡಿ. ಹಾಕಿಸಿದ ಪ್ರತಿ ಭಾಗದ ನಂಬರು, ತಯಾರಕರ ಹೆಸರು, ಅಳತೆ, ತಾರೀಕು ಬರೆಯಿರಿ. ತೆಗೆದ ಹಳೇ ಪೀಸನ್ನು ಗುಜರಿಗೆ ಕೊಡದೆ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಈ ಮಳೆಗಾಲದಲ್ಲಿ ಮೇಸ್ತ್ರಿಯವರಿಗೆ ಬಿಡುವಾದಾಗ ಹೋಗಿ ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಬನ್ನಿ.